ವಯಸ್ಸೋ, ದೈವಭಕ್ತಿಯೋ?

‘ರಾಷ್ಟ್ರಗೀತೆ ಹೊತ್ತಲ್ಲಿ ಮಂಡಿಯೂರಿದ ಆಟಗಾರನನ್ನು ಕಂಡರೆ ನಮ್ಮ ತಂದೆಗೆ ಸಿಟ್ಟು, ನನಗೆ ಗೌರವ. ಇದು ವಯಸ್ಸಿಂದ ಬಂದಿದ್ದಾ, ಅವರ ಭಕ್ತಿಯಿಂದಾನಾ?’ ಅಂತ ಕೇಳಿದ್ದೀರಿ. ಎರಡೂ ಇದೆ. ಆದರೆ ಭಕ್ತಿ ಎಲ್ಲರನ್ನೂ ಒಂದೇ ಕಡೆ ಎಳೆಯಲ್ಲ.

ಅಮೆರಿಕದಲ್ಲೇ ನೋಡಿ. 2016ರಲ್ಲಿ ಅಮೆರಿಕನ್ ಫುಟ್ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ ಮಂಡಿಯೂರಿದಾಗ ಚಿಕ್ಕ ವಯಸ್ಸಿನವರ ಬೆಂಬಲವೇ ಜಾಸ್ತಿ. ಇವಾಂಜೆಲಿಕಲ್ ಅನ್ನೋ ಪ್ರೊಟೆಸ್ಟಂಟ್ ಪಂಥದ ಬಿಳಿಯ ಕ್ರೈಸ್ತರಲ್ಲಿ ಹೆಚ್ಚಿನವರು ತಪ್ಪು ಅಂದರು, ಕಪ್ಪು ಕ್ರೈಸ್ತರಲ್ಲಿ ಹೆಚ್ಚಿನವರು ಸರಿ ಅಂದರು. ಇಬ್ಬರೂ ಓದೋದು ಅದೇ ಬೈಬಲ್. ಕೆಪರ್ನಿಕ್ ಮೈಮೇಲೂ ಬೈಬಲ್ ವಚನಗಳ ಹಚ್ಚೆ ಇದೆ. 1967ರಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಸೇನೆಗೆ ಸೇರಲ್ಲ ಅಂದಿದ್ದು ತನ್ನ ಧರ್ಮ ಒಪ್ಪಲ್ಲ ಅಂತಲೇ.

ನಮ್ಮ ಮನೆಯದ್ದೇ ಹೇಳ್ತೀನಿ. ನಮ್ಮದು ಬಳ್ಳಾರಿ. ಅಪ್ಪನಿಗೆ ಎಪ್ಪತ್ತು ದಾಟಿದೆ, ಮಂಗಳವಾರ ಕನಕ ದುರ್ಗಮ್ಮನ ಗುಡಿಗೆ ಹೋಗಿ ಬರದೆ ಊಟ ಮಾಡಲ್ಲ. 2023ರಲ್ಲಿ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರು ಹೇಳಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ, ‘ಆಡೋರು ಆಡಬೇಕು, ಬೀದಿಗೆ ಯಾಕೆ?’ ಅಂತಿದ್ದರು. ಮೇ 30ಕ್ಕೆ ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಪದಕಗಳನ್ನು ಗಂಗೆಗೆ ಬಿಡಲು ಹರಿದ್ವಾರಕ್ಕೆ ಹೋದರಲ್ಲ, ಅದು ಟಿವಿಯಲ್ಲಿ ಬಂತು. ಅಪ್ಪ ಕೈಯಲ್ಲಿದ್ದ ಒಗ್ಗರಣೆ ತಟ್ಟೆ ಕೆಳಗಿಟ್ಟರು. ‘ಗಂಗಮ್ಮನ ಮುಂದೆ ನಿಂತು ಯಾರೂ ಸುಮ್ನೆ ಅಳಲ್ಲಪ್ಪ’ ಅಂದರು. ಅವತ್ತು ಅವರ ಭಕ್ತಿಯೇ ಅವರನ್ನು ಆ ಹೆಣ್ಣುಮಕ್ಕಳ ಕಡೆ ನಿಲ್ಲಿಸಿತು.

ನಿಮ್ಮ ತಂದೆಗೆ ಮಂಡಿಯೂರೋದು ಅವಮಾನದ ಹಾಗೆ ಕಾಣುತ್ತಾ, ಪ್ರಾರ್ಥನೆಯ ಹಾಗೆ ಕಾಣುತ್ತಾ? ವಾದಕ್ಕೆ ಇಳಿಯೋ ಮೊದಲು ಅದೊಂದು ಕೇಳಿ ನೋಡಿ.