ಬದಲಿ ಟವರ್‌ನ ಕೆಲಸ ಸುಮ್ನೆ ಕೂರುವ ಕೆಲಸವಲ್ಲ

ಇಂಗ್ಲೆಂಡಿನ ಸ್ವಾನ್‌ವಿಕ್ ಕಡೆ ಡಿಜಿಟಲ್ ಟವರ್‌ಗಳ (ಅಂದರೆ ಕ್ಯಾಮೆರಾ ಚಿತ್ರ ನೋಡಿ ದೂರದಿಂದಲೇ ನಿಲ್ದಾಣದ ವಿಮಾನಗಳನ್ನು ನಡೆಸುವ ಕೇಂದ್ರಗಳ) ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಆದರೆ ಅದು ಬರೀ ಬ್ಯಾಕಪ್‌ಗಂತೆ, ಅಂದರೆ ಮೂಲ ಟವರ್ ಕೈಕೊಟ್ಟಾಗ ಮಾತ್ರ ಬಳಸುವುದಂತೆ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಿ. ನಾನು ಇಲ್ಲಿ 14 ವರ್ಷದಿಂದ ಇದೇ ಥರದ ಕೆಲಸದಲ್ಲಿದ್ದೇನೆ. ಧೈರ್ಯವಾಗಿ ಬನ್ನಿ.

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಟವರ್ 87 ಮೀಟರ್ ಎತ್ತರ ಇದೆ. ಅಲ್ಲಿ ಬೆಂಕಿಯೋ ಹೊಗೆಯೋ ಕಾಣಿಸಿಕೊಂಡರೆ ಎಲ್ಲರೂ ಇಳಿದು ಬರಲೇಬೇಕು. ಆಗ ಆಕಾಶದಲ್ಲಿರುವ ವಿಮಾನಗಳ ಗತಿ? ಅದಕ್ಕೇ 2009ರಲ್ಲಿ ಬೇರೆ ಕಡೆ ಒಂದು ಬದಲಿ ಕೋಣೆ ಮಾಡಿದರು. ಕಿಟಕಿ ಇರಲಿಲ್ಲ, ಹೊರಗಿನ ನೋಟ ಇರಲಿಲ್ಲ, ರೇಡಾರ್ ಪರದೆಗಳೇ ಕಣ್ಣು. ಅಲ್ಲಿಂದಲೇ ಮಾಮೂಲಿನ ಸುಮಾರು 70% ವಿಮಾನಗಳನ್ನು ನಡೆಸಬಹುದಿತ್ತು.

ಕ್ಯಾಮೆರಾ ಬಂದ ಮೇಲೆ ಆ ಕುರುಡುತನವೂ ಹೋಯಿತು. ಲಂಡನ್ ಸಿಟಿ ವಿಮಾನ ನಿಲ್ದಾಣವನ್ನೇ ನೋಡಿ. ಅಲ್ಲಿ ಬದಲಿಯಾಗಿ ಅಲ್ಲ, 2021ರಿಂದ ದಿನನಿತ್ಯದ ಕೆಲಸವೇ ಸ್ವಾನ್‌ವಿಕ್‌ನಿಂದ ನಡೆಯುತ್ತಿದೆ, ನೂರು ಕಿಲೋಮೀಟರಿಗೂ ದೂರದಿಂದ! 50 ಮೀಟರ್ ಕಂಬದ ಮೇಲೆ 16 ಕ್ಯಾಮೆರಾ. ಗಾಜಿಗೆ ಹುಳ, ಕಸ ಅಂಟಿದರೆ ಅದೇ ಒರೆಸಿಕೊಳ್ಳುತ್ತದೆ. ರನ್‌ವೇಯ ಸದ್ದೂ ಕೇಳಿಸುತ್ತದೆ. ಚಿತ್ರ ಬರುವುದು ಮೂರು ಬೇರೆ ಬೇರೆ ಫೈಬರ್ ಜಾಲಗಳಲ್ಲಿ. ಒಂದು ಕಡಿದರೂ ಇನ್ನೆರಡು ಇರುತ್ತವೆ. ನಿಮ್ಮಂಥವರು ಬೇಕಾಗುವುದು ಇಲ್ಲೇ ಅಲ್ವಾ?

ಬ್ಯಾಕಪ್ ಅಂದರೆ ಬೀಗ ಹಾಕಿಟ್ಟ ಕೋಣೆ ಅಂತ ತಿಳಿಯಬೇಡಿ. ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗಳಿಗೆ ಆ ಪರದೆಗಳ ರೂಢಿ ತಪ್ಪಬಾರದು. ಎಷ್ಟೋ ವರ್ಷಗಳ ಹಿಂದೆ ಒಂದು ನಿಲ್ದಾಣದಲ್ಲಿ ಅಭ್ಯಾಸಕ್ಕೆ ಅಂತ ಬದಲಿ ಕೋಣೆ ತೆರೆದೆವು. ಒಂದು ರೇಡಿಯೊ ಸತ್ತು ಬಿದ್ದಿತ್ತು. ಯಾವಾಗಿನಿಂದ ಅಂತ ಯಾರಿಗೂ ಗೊತ್ತಿರಲಿಲ್ಲ. ನಿಜವಾಗಿ ಬೇಕಾದ ದಿನ ಹಾಗಾಗಿದ್ದರೆ? ಅವತ್ತು ನನಗೆ ಕೈ ನಡುಗಿತ್ತು. ಅಂದಿನಿಂದ ಪಾಳಿ ಶುರುವಾದ ಕೂಡಲೇ ಪ್ರತಿಯೊಂದು ರೇಡಿಯೊದಲ್ಲೂ ನಾನೇ ಮಾತಾಡಿ ನೋಡುತ್ತೇನೆ.

ಇನ್ನು ಬದುಕು. ರಾತ್ರಿ ಪಾಳಿ ಇದ್ದೇ ಇರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮೊದಲ ಚಳಿಗಾಲ ಕಷ್ಟ, ಆಗ ಜನರ ನಡುವೆ ಇರಿ. ಸೌತಾಂಪ್ಟನ್‌ನಲ್ಲಿ ಮನೆ ಹಿಡಿದರೆ ದೇವಸ್ಥಾನ, ನಮ್ಮ ದಿನಸಿ ಎರಡೂ ಹತ್ತಿರ. ಸ್ವಾನ್‌ವಿಕ್‌ಗೆ ರೈಲು ಇದೆ, ಆದರೆ ಪಾಳಿ ಮುಗಿಯುವ ಹೊತ್ತನ್ನು ಅದು ಕಾಯುವುದಿಲ್ಲ. ಕಾರು ಬೇಕೇ ಬೇಕು. ಊರಿನ ಲೈಸೆನ್ಸ್ ಒಂದು ವರ್ಷ ನಡೆಯುತ್ತದೆ. ಬಂದ ತಿಂಗಳಲ್ಲೇ ಇಲ್ಲಿನ ಪರೀಕ್ಷೆಗೆ ಓದಲು ಶುರು ಮಾಡಿ.