ಖಾತೆ ಬದಲಾಗಿದೆ ಎಂಬ ಮೇಲ್ ಬಂದರೆ ಹಣ ಕಳುಹಿಸಬಹುದೇ?

ಸರಕು ಪೂರೈಸುವ ಕಂಪನಿಯಿಂದ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಮೇಲ್ ಬಂದಿದೆ, ಕಾಗುಣಿತ ತಪ್ಪಿಲ್ಲ, ಲೋಗೋ ಸರಿಯಿದೆ, ನಂಬಬಹುದೇ ಎಂದು ಕೇಳಿದ್ದೀರಿ. ಇಂಥದೇ ಮೇಲ್ ಪೀಣ್ಯದ ನಮ್ಮ ವರ್ಕ್‌ಶಾಪಿಗೂ ಬಂದಿತ್ತು. ರಾಜಕೋಟದ ಕಂಪನಿಯೊಂದರಿಂದ ನಾವು ಕಾಸ್ಟಿಂಗ್, ಅಂದರೆ ಎರಕದ ಬಿಡಿಭಾಗ, ತರಿಸುತ್ತಿದ್ದೆವು. ಆ ಮೇಲ್ ನಮ್ಮ ಹಳೆಯ ಪತ್ರವ್ಯವಹಾರದ ಮುಂದುವರಿಕೆಯಾಗಿಯೇ ಬಂದಿತ್ತು. ಪರ್ಚೇಸ್ ಆರ್ಡರ್ ನಂಬರು, ಬಾಕಿ ಮೊತ್ತ, ಜಿಎಸ್‌ಟಿ ಎಲ್ಲವೂ ಪೈಸೆ ಸಹಿತ ಸರಿಯಾಗಿದ್ದವು. ಅವರ ಮೇಲ್‌ಬಾಕ್ಸಿಗೇ ಕನ್ನ ಹಾಕಿದವರು ಕಾಗುಣಿತದಲ್ಲಿ ಏಕೆ ತಪ್ಪುತ್ತಾರೆ? ವಿಳಾಸದಲ್ಲಿ ಮಾತ್ರ ಇಂಗ್ಲಿಷಿನ ‘ಎಂ’ ಇರಬೇಕಾದಲ್ಲಿ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ ಕುಳಿತಿದ್ದವು. ಮೊಬೈಲಿನಲ್ಲಿ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ.

ನನಗೆ ಅನುಮಾನ ಬರಲಿಲ್ಲವೆಂದಲ್ಲ. ಬಂತು, ಫೋನ್ ಮಾಡಿ ವಿಚಾರಿಸಿದೆ ಕೂಡ. ಆದರೆ ಅದೇ ಮೇಲ್‌ನಲ್ಲಿ ಸಹಿಯ ಕೆಳಗಿದ್ದ ನಂಬರಿಗೆ ಮಾಡಿದೆ. ಹಳೆಯ ಬಿಲ್ಲು ಪಕ್ಕದ ಬೀರುವಿನಲ್ಲಿತ್ತು, ಅದರ ಮೇಲೆ ನಿಜವಾದ ನಂಬರಿತ್ತು. ಎದ್ದು ಹೋಗಲು ಸೋಮಾರಿತನವೇನೂ ಇರಲಿಲ್ಲ. ಕಣ್ಣೆದುರು ಒಂದು ನಂಬರಿರುವಾಗ ಇನ್ನೊಂದನ್ನು ಹುಡುಕಬೇಕೆಂದು ಹೊಳೆಯಲೇ ಇಲ್ಲ. ಫೋನೆತ್ತಿದವನು ಗುಜರಾತಿ ಬೆರೆತ ಹಿಂದಿಯಲ್ಲಿ, ಹಳೆಯ ಖಾತೆಯ ಆಡಿಟ್ ನಡೆಯುತ್ತಿದೆ ಎಂದು ಬಹಳ ವಿನಯದಿಂದ ಹೇಳಿದ. ಕಳ್ಳನನ್ನೇ ಸಾಕ್ಷಿಗೆ ಕರೆದಂತಾಯಿತು. ವಿಚಾರಿಸದೆ ಇದ್ದಿದ್ದರೆ ಅಳುಕಾದರೂ ಉಳಿಯುತ್ತಿತ್ತು. ವಿಚಾರಿಸಿದ್ದರಿಂದ ಅದೂ ಹೋಯಿತು. ಆಗ ಬ್ಯಾಂಕಿನಿಂದ ಬ್ಯಾಂಕಿಗೆ ದೊಡ್ಡ ಮೊತ್ತ ಕಳುಹಿಸುವ ಆರ್‌ಟಿಜಿಎಸ್‌ನಲ್ಲಿ ಖಾತೆ ಸಂಖ್ಯೆ ನೋಡಿ ಹಣ ಜಮೆಯಾಗುತ್ತಿತ್ತೇ ಹೊರತು ಹೆಸರನ್ನು ತಾಳೆ ನೋಡುತ್ತಿರಲಿಲ್ಲ. ನಾವು ಕಂಪನಿಯ ಹೆಸರು ಬರೆದೆವು, ಹಣ ಯಾರೋ ಒಬ್ಬ ವ್ಯಕ್ತಿಯ ಖಾತೆಗೆ ಹೋಯಿತು.

ಆದ್ದರಿಂದ ಲಕ್ಷಣ ನೋಡಿ ನಕಲಿಯನ್ನು ಗುರುತಿಸುವ ನಿಮ್ಮ ಪ್ರಯತ್ನವನ್ನೇ ನಾನು ಒಪ್ಪುವುದಿಲ್ಲ. ಮೇಲ್ ಅಸಲಿಯೇ ಇರಲಿ, ಖಾತೆ ಬದಲಾವಣೆಯ ಮಾತು ಬಂದೊಡನೆ ಹಳೆಯ ಬಿಲ್ಲಿನ ನಂಬರಿಗೆ ಫೋನ್ ಮಾಡಿ, ನಿಮಗೆ ಪರಿಚಯವಿರುವವರ ದನಿ ಕೇಳಿದ ಮೇಲಷ್ಟೇ ಮುಂದುವರಿಯಿರಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್‌ಗಳಲ್ಲಿಯೂ ಹಣ ಕಳುಹಿಸುವ ಮುನ್ನ ಖಾತೆದಾರರ ಹೆಸರು ನೋಡುವ ಸೌಲಭ್ಯವಿದೆ, ಅದನ್ನೂ ಬಳಸಿ. ಈಗಾಗಲೇ ಹಣ ಕಳುಹಿಸಿದ್ದರೆ ಆ ಮೇಲ್‌ಗೆ ಉತ್ತರ ಬರೆಯುತ್ತ ಕೂರಬೇಡಿ. ಈಗಲೇ ನಿಮ್ಮ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲಾದರೆ ತಡೆಹಿಡಿಸಲು ಸಾಧ್ಯವಿದೆ. ನಮ್ಮದು ಅಷ್ಟರಲ್ಲಿ ದಾಟಿ ಹೋಗಿತ್ತು.