ಕುರ್‌ಆನ್ ಚೆನ್ನಾಗಿ ಓದಲು ಬಂದರೆ ಕಲಿಸಲೂ ಬಂದಂತೆಯೆ?

ತಜ್ವೀದ್, ಅಂದರೆ ಕುರ್‌ಆನ್ ಸರಿಯಾಗಿ ಉಚ್ಚರಿಸುವ ನಿಯಮಗಳೆಲ್ಲ ಬಾಯಿಪಾಠವಾಗಿವೆ, ವಿಡಿಯೊ ನೋಡಿ ಕಲಿತಿದ್ದೇನೆ, ಈಗ ಮಕ್ಕಳಿಗೆ ಕುರ್‌ಆನ್ ಕಲಿಸುವ ಜವಾಬ್ದಾರಿ ಬಂದಿದೆ, ಇನ್ನೂ ತರಬೇತಿ ಬೇಕೆ ಎಂದು ಕೇಳಿದ್ದೀರಿ. ಬೇಕು. ಶಿಕ್ಷಕರಾಗಲು ಬರುವವರ ಓದು ತಿದ್ದುವ ಕೆಲಸ ನನ್ನದು. ಅವರಲ್ಲಿ ನಿಮ್ಮ ಹಾಗೆ ನಿಯಮ ಬಲ್ಲವರೇ ಹೆಚ್ಚು. ಇದ್‌ಗಾಮ್‌ಗೆ (ನೂನ್ ಸದ್ದು ಮುಂದಿನ ಅಕ್ಷರದಲ್ಲಿ ಬೆರೆಯುವುದು) ಯಾವ ಆರು ಅಕ್ಷರ, ಇಖ್ಫಾಗೆ (ಅದು ಅರೆಮರೆಯಾಗುವುದು) ಯಾವ ಹದಿನೈದು ಎಂದು ಕೇಳಿದರೆ ತಡವರಿಸದೆ ಹೇಳುತ್ತಾರೆ. ಎದುರಿಗೆ ಒಂದು ಮಗುವನ್ನು ಕೂರಿಸಿ ಓದಿಸಿದಾಗ ಮಾತ್ರ, ಮಗು ತಪ್ಪಿದ್ದು ಅವರ ಕಿವಿಗೆ ಬೀಳುವುದೇ ಇಲ್ಲ.

ಏಕೆಂದರೆ ಆ ತಪ್ಪು ಅವರ ನಾಲಿಗೆಯಲ್ಲೂ ಇರುತ್ತದೆ. ನಮ್ಮ ಬಾಯಿ ಮಾಡದ ವ್ಯತ್ಯಾಸವನ್ನು ನಮ್ಮ ಕಿವಿ ಹಿಡಿಯುವುದು ಬಹಳ ಕಷ್ಟ. ಕನ್ನಡದಲ್ಲಿ ‘ಅಲೀಮ್’ ಎಂದು ಬರೆದುನೋಡಿ. ಐನ್‌ನಿಂದ (ಗಂಟಲಿನಿಂದ ಬರುವ ಅರಬಿ ಅಕ್ಷರ) ಶುರುವಾದರೆ ಅದು ‘ಎಲ್ಲವನ್ನೂ ಬಲ್ಲವನು’, ಹಂಝ ಎಂಬ ಬೇರೆ ಅಕ್ಷರದಿಂದ ಶುರುವಾದರೆ ‘ನೋವು ತುಂಬಿದ’. ಎರಡೂ ಕುರ್‌ಆನ್‌ನಲ್ಲಿ ಮತ್ತೆ ಮತ್ತೆ ಬರುವ ಪದಗಳೇ. ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ‘ಅ’. ಸೀನ್, ಸ್ವಾದ್, ನಾಲಿಗೆಯ ತುದಿ ಹಲ್ಲಿಗೆ ತಾಗಿ ಬರುವ ಸಾ, ಈ ಮೂರಕ್ಕೂ ಒಂದೇ ‘ಸ’. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಸೂರಾ (ಅಧ್ಯಾಯ) ಕಲಿಯಬೇಡಿ, ಕಲಿಸಬೇಡಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ತ್ವಾ ಅಕ್ಷರವನ್ನು ನಮ್ಮ ‘ಟ’ ಮಾಡುವುದು ಇನ್ನೊಂದು ತಪ್ಪು. ‘ಟ’ ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚುತ್ತದೆ. ತ್ವಾಗೆ ಮಡಚಬಾರದು. ನಾಲಿಗೆಯ ತುದಿ ಮೇಲಿನ ಮುಂಭಾಗದ ಹಲ್ಲುಗಳ ಬುಡದಲ್ಲೇ ಇರಬೇಕು, ಹಿಂಭಾಗ ಅಂಗುಳಿನತ್ತ ಏಳಬೇಕು. ಹೀಗೆ ಬಾಯೊಳಗೆ ಏನಾಗುತ್ತಿದೆ ಎಂದು ಹೇಳಿಕೊಡಬಲ್ಲವರು ಶಿಕ್ಷಕರು. ‘ತಪ್ಪು, ಮತ್ತೆ ಹೇಳು’ ಎಂದಷ್ಟೇ ಹೇಳಿದರೆ ಮಗು ಅದೇ ತಪ್ಪನ್ನು ಇನ್ನೂ ಜೋರಾಗಿ ಹೇಳುತ್ತದೆ.

ನಮ್ಮ ಭಾಷೆಯಿಂದಲೇ ಹುಟ್ಟುವ, ಹೊರಗಿನ ತಜ್ವೀದ್ ಪಾಠಗಳಲ್ಲಿ ಅಷ್ಟಾಗಿ ಎಚ್ಚರಿಸದ ಒಂದು ತಪ್ಪಿದೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವೆ. ಬಸ್ಸನ್ನು ನಾವು ‘ಬಸ್ಸು’ ಮಾಡಿಕೊಂಡ ಹಾಗೆ, ಇಖ್ಲಾಸ್ ಸೂರಾದ ‘ಅಹದ್’ ಎಂಬಲ್ಲಿ ನಿಲ್ಲಿಸುವಾಗ ನಾಲಿಗೆ ತಾನಾಗಿ ‘ಅಹದು’ ಎಂದುಬಿಡುತ್ತದೆ. ಅಲ್ಲಿ ದಾಲ್‌ಗೆ ಕಲ್‌ಕಲ ಕೊಡಬೇಕು ಎಂದು ಕಲಿಸಿದರೆ ತಪ್ಪು ಇನ್ನೂ ಬಲಿಯುತ್ತದೆ. ಕಲ್‌ಕಲ ಎಂದರೆ ತಡೆದ ಉಸಿರು ಬಿಟ್ಟಾಗ ಕೇಳುವ ಸಣ್ಣ ಪುಟಿತ, ಅದರಲ್ಲಿ ಸ್ವರ ಇರಕೂಡದು. ಈ ಒಂದನ್ನು ತಿದ್ದಿಕೊಳ್ಳಲು ಕೆಲವರಿಗೆ ವಾರಗಳೇ ಹಿಡಿಯುತ್ತವೆ.

ನಮ್ಮ ಭಾಷೆ ನೆರವಾಗುವುದೂ ಉಂಟು. ಹ್ರಸ್ವ ಒಂದು ಮಾತ್ರೆ, ದೀರ್ಘ ಎರಡು ಮಾತ್ರೆ ಎಂದು ಛಂದಸ್ಸಿನ ಪಾಠದಲ್ಲಿ ಓದಿದ ಮಗುವಿಗೆ ಸಹಜ ಮದ್ದ್ (ಸ್ವರ ಎಳೆಯುವುದು) ಎರಡು ಎಣಿಕೆ ಎಂದು ವಿವರಿಸುವುದೇ ಬೇಡ.

ಅಕ್ಷರದ ಹುಟ್ಟುಜಾಗ ಪರೀಕ್ಷಿಸಲು ಹಳೆಯ ದಾರಿಯೊಂದಿದೆ. ಅಕ್ಷರಕ್ಕೆ ಸುಕೂನ್ (ಸ್ವರವಿಲ್ಲ ಎಂಬ ಗುರುತು) ಕೊಟ್ಟು ಹಿಂದೆ ಒಂದು ಹಂಝ ಸೇರಿಸಿ ‘ಅಬ್’, ‘ಅದ್’ ಎಂದು ಹೇಳಿಸಿ. ಸದ್ದು ಎಲ್ಲಿ ನಿಲ್ಲುತ್ತದೋ ಅದೇ ಮಖ್ರಜ್. 1429ರಲ್ಲಿ ತೀರಿಕೊಂಡ, ಕುರ್‌ಆನ್ ಪಠಣದ ವಿದ್ವಾಂಸ ಇಬ್ನುಲ್ ಜಝರಿ ಇಂಥ 17 ಜಾಗಗಳನ್ನು ಗುರುತಿಸಿದ್ದಾರೆ. ಈ ಹದಿನೇಳರ ಹೆಸರು ಮಗುವಿಗೆ ಬೇಕಿಲ್ಲ. ನಿಮಗೆ ಹೆಸರೂ ಗೊತ್ತಿರಬೇಕು, ನಿಮ್ಮ ಬಾಯಲ್ಲಿ ಅವು ಎಲ್ಲಿವೆ ಎಂಬುದೂ ಗೊತ್ತಿರಬೇಕು.

ಇಷ್ಟನ್ನು ವಿಡಿಯೊ ಕೊಡಲಾರದು, ಅದು ನಿಮ್ಮ ಓದನ್ನು ಕೇಳಿಸಿಕೊಳ್ಳುವುದಿಲ್ಲವಲ್ಲ. ಕುರ್‌ಆನ್ ಕಲಿಕೆ ಮೊದಲಿನಿಂದಲೂ ಎದುರುಬದುರು ಕೂತು ಕೇಳಿ, ಓದಿ ಒಪ್ಪಿಸುವ ವಿದ್ಯೆ. ‘ನಿಮ್ಮಲ್ಲಿ ಉತ್ತಮರು ಕುರ್‌ಆನ್ ಕಲಿತು ಕಲಿಸುವವರು’ ಎಂಬ ಹದೀಸ್ (ಪ್ರವಾದಿಯವರ ಮಾತು) ನೀವು ಕೇಳಿರುತ್ತೀರಿ. ಬುಖಾರಿ ಹದೀಸ್ ಸಂಗ್ರಹದಲ್ಲಿ ಅದನ್ನು ಖಲೀಫ ಉಸ್ಮಾನ್ ಅವರಿಂದ ವರದಿ ಮಾಡಿದವರು ಅಬೂ ಅಬ್ದುರ್ರಹ್ಮಾನ್ ಅಸ್ಸುಲಮಿ. ಉಸ್ಮಾನರ ಆಡಳಿತಕಾಲದಿಂದ ಇರಾಕಿನ ರಾಜ್ಯಪಾಲ ಹಜ್ಜಾಜನ ಕಾಲದವರೆಗೂ ಅವರು ಕುರ್‌ಆನ್ ಕಲಿಸುತ್ತಲೇ ಇದ್ದರು, ತನ್ನನ್ನು ಈ ಜಾಗದಲ್ಲಿ ಕೂರಿಸಿದ್ದು ಇದೇ ಮಾತು ಎಂದರು. ಅಸ್ಸುಲಮಿಯವರ ಶಿಷ್ಯ ಕೂಫಾದ ಆಸಿಮ್, ಆಸಿಮ್‌ರ ಶಿಷ್ಯ ಹಫ್ಸ್. ಇಂದು ಜಗತ್ತಿನ ಬಹುಪಾಲು ಮುಸ್ಲಿಮರ ಓದು ಹಫ್ಸ್ ಅವರ ಪಾಠದಂತೆಯೇ. ನೀವು ಕೂರಲಿರುವುದು ಆ ಸಾಲಿನಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಕಲಿಸುವ ಕೌಶಲ. ಮೊದಮೊದಲು ನಾನು ಮಗು ಒಂದು ಆಯತ್ (ಕುರ್‌ಆನ್ ವಚನ) ಮುಗಿಸುವಷ್ಟರಲ್ಲಿ ಐದಾರು ಸಲ ತಡೆಯುತ್ತಿದ್ದೆ. ತಪ್ಪು ಬಿಡಬಾರದು ಎಂಬ ಭಕ್ತಿಯಿಂದಲೇ. ಒಬ್ಬ ಹುಡುಗಿ ಕ್ರಮೇಣ ದನಿ ತಗ್ಗಿಸುತ್ತಾ ಹೋಗಿ, ಕೊನೆಗೆ ತುಟಿ ಮಾತ್ರ ಆಡಿಸುತ್ತಿದ್ದಳು. ಆಕೆಯ ತಪ್ಪು ಕೇಳದಂತಾಗಿತ್ತು, ಅಷ್ಟೇ. ಅಂದಿನಿಂದ ಲಹ್ನ್ ಜಲಿ ಮತ್ತು ಲಹ್ನ್ ಖಫಿ, ಅಂದರೆ ಎದ್ದು ಕಾಣುವ ತಪ್ಪು ಮತ್ತು ಸೂಕ್ಷ್ಮ ತಪ್ಪು, ಇವೆರಡನ್ನು ಬೇರೆಬೇರೆಯಾಗಿಯೇ ನೋಡುತ್ತೇನೆ. ಕುರ್‌ಆನ್‌ನ ಮೊದಲ ಸೂರಾ ಫಾತಿಹಾದಲ್ಲಿ ‘ಅನ್‌ಅಮ್ತ’ ಎಂಬುದು ‘ಅನ್‌ಅಮ್ತು’ ಆದರೆ ‘ನೀನು ಅನುಗ್ರಹಿಸಿದೆ’ ಎಂಬುದು ‘ನಾನು ಅನುಗ್ರಹಿಸಿದೆ’ ಆಗಿಬಿಡುತ್ತದೆ. ಅಲ್ಲಿ ತಕ್ಷಣ ತಡೆಯಲೇಬೇಕು. ಗುನ್ನ (ಮೂಗಿನಿಂದ ಬರುವ ದನಿ) ಸ್ವಲ್ಪ ಚಿಕ್ಕದಾಯಿತೆ? ಆಯತ್ ಮುಗಿಯಲಿ, ಆಮೇಲೆ ಹೇಳಿ. ಒಂದು ದಿನಕ್ಕೆ ಒಂದೇ ಸೂಕ್ಷ್ಮ ತಪ್ಪು ಸಾಕು. ತಡೆದಾಗಲೂ ಸರಿಯುತ್ತರವನ್ನು ಬಾಯಿಗಿಡಬೇಡಿ. ಬೆರಳಿಂದ ಆ ಅಕ್ಷರ ತೋರಿಸಿ ಕಾಯಿರಿ, ಎಷ್ಟೋ ಸಲ ಮಗು ತಾನೇ ತಿದ್ದಿಕೊಳ್ಳುತ್ತದೆ.

ಎಲ್ಲರೂ ಒಟ್ಟಿಗೆ ದನಿಗೂಡಿಸಿ ಓದುವುದು ಉತ್ಸಾಹಕ್ಕೆ ಒಳ್ಳೆಯದು. ಆದರೆ ಪ್ರತಿ ಮಗುವೂ ಪ್ರತಿದಿನ ಒಂಟಿಯಾಗಿ, ಮೂರೇ ಸಾಲಾದರೂ ಸರಿ, ಓದಿ ಒಪ್ಪಿಸಬೇಕು. ಗುಂಪಿನ ದನಿಯಲ್ಲಿ ವರ್ಷಗಟ್ಟಲೆ ಅಡಗಿದ್ದ ತಪ್ಪುಗಳನ್ನು ನಾನು ಕಂಡಿದ್ದೇನೆ. ಕಂಠಪಾಠಕ್ಕೆ ಮುಂಚೆ ಆ ಭಾಗವನ್ನು ನೋಡಿ ಓದಿಸಿ ಪೂರ್ತಿ ತಿದ್ದಿ, ತಪ್ಪು ಸಮೇತ ಬಾಯಿಪಾಠವಾದದ್ದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಎಷ್ಟೋ ಪಟ್ಟು ಕಷ್ಟ. ಹೊಡೆತ, ಅಣಕ ಎರಡೂ ಬೇಡ. ತಡವರಿಸಿ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲ ಎಂದು ಪ್ರವಾದಿಯವರ ಪತ್ನಿ ಆಯಿಶಾ ಅವರಿಂದ ವರದಿಯಾದ ಹದೀಸ್ ಇರುವಾಗ, ಆ ತಡವರಿಕೆಗೆ ಗದರುವ ಅಧಿಕಾರ ನಮಗೆಲ್ಲಿದೆ?

ಒಳ್ಳೆಯ ಶಿಕ್ಷಕ ತರಬೇತಿಯನ್ನು ಗುರುತಿಸುವುದು ಹೇಗೆ? ಸನದ್ (ಗುರುಪರಂಪರೆಯ ಸಾಲು) ಇರುವ ಉಸ್ತಾದರು ನಿಮ್ಮೊಬ್ಬರ ಓದನ್ನೇ ಆರಂಭದಿಂದ ಕೊನೆಯವರೆಗೆ ಕೇಳುತ್ತಾರೆಯೆ ಎಂದು ವಿಚಾರಿಸಿ. ನೀವು ಪಾಠ ಮಾಡುವುದನ್ನು ಹಿಂದೆ ಕೂತು ನೋಡುತ್ತಾರೆಯೆ ಎಂದೂ ಕೇಳಿ. ಎರಡೂ ಇಲ್ಲದೆ ಪ್ರಮಾಣಪತ್ರ ಮಾತ್ರ ಕೊಡುವ ಕಡೆ ಹೋಗಬೇಡಿ.

ಮಕ್ಕಳನ್ನು ಈಗಲೇ ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಈ ರಾತ್ರಿ ಫಾತಿಹಾವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಾಳೆ ಬಲ್ಲವರೊಬ್ಬರಿಗೆ ಕೇಳಿಸಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ತರಗತಿಯಲ್ಲಿ ನಿಮಗೆ ಖಚಿತವಿರುವ ಅಕ್ಷರಗಳನ್ನಷ್ಟೇ ಕಲಿಸಿ.